ಐದಕ್ಕೆ ಮೂರೂವರೆ: ನನ್ನ ತಮ್ಮನಿಗೆ ಸಿಕ್ಕ ಒಂದು ನೆನಪಿನ ಸ್ಕಾಲರ್‌ಶಿಪ್

ಮೊದಲೇ ಅಂಕ ಹೇಳಿಬಿಡುತ್ತೇನೆ. ಐದಕ್ಕೆ ಮೂರೂವರೆ. ನಡೆಸುವ ಜನರಿಗೆ ಐದು, ಅವರ ಅರ್ಜಿ ಫಾರಂಗೆ ಎರಡು. ಕೂಡಿಸಿ ಭಾಗಿಸಿದರೆ ಅಷ್ಟೇ ಬರುವುದು. ನಾನು ಲೆಕ್ಕಪತ್ರ ನೋಡುವ ಕೆಲಸದವಳು. ಹೋಗಲಿ ಪಾಪ ಅಂತ ನಾಲ್ಕು ಮಾಡಲು ಕೈ ಬರುವುದಿಲ್ಲ.

ಟ್ರಸ್ಟಿನ ಹೆಸರು ಬೇಡ. ಒಂದು ಮನೆಯವರೇ ಸೇರಿ ನಡೆಸುವ ಸಣ್ಣ ಟ್ರಸ್ಟ್ ಅದು. ನನ್ನ ದೂರುಗಳನ್ನು ಅವರಿಗೇ ನೇರವಾಗಿ ಹೇಳಿದ್ದೇನೆ, ಬೀದಿಗೆ ಎಳೆಯುವ ಅಗತ್ಯ ಇಲ್ಲ. ಆದರೆ ಇಂಥ ಸ್ಕಾಲರ್‌ಶಿಪ್‌ಗಳ ಫಾರಂಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ನಾನು ತಮ್ಮನ ಪರವಾಗಿ ಆರು ಫಾರಂ ತುಂಬಿಸಿದ್ದೇನೆ. ಆರರಲ್ಲಿ ಸಿಕ್ಕಿದ್ದು ಇದೊಂದು. ನಾಳೆ ನಿಮ್ಮ ಮನೆಯಲ್ಲೂ ಯಾರಾದರೂ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಫೈಲು ಹರಡಿಕೊಂಡು ಫಾರಂ ತುಂಬಬೇಕಾಗಿ ಬರಬಹುದು. ಅವರಿಗೆ ಇದು.

ಅಪ್ಪ, ಅಮ್ಮ, ಒಡಹುಟ್ಟಿದವರು ಅಥವಾ ಸ್ವತಃ ವಿದ್ಯಾರ್ಥಿ, ಯಾರಿಗಾದರೂ ಕ್ಯಾನ್ಸರ್ ಬಂದ ಮನೆಯ ಕಾಲೇಜು ಮಕ್ಕಳಿಗೆ ಕೊಡುವ ಸ್ಕಾಲರ್‌ಶಿಪ್ ಇದು. ಮೂವತ್ತೊಂದಕ್ಕೇ ತೀರಿಕೊಂಡ ಒಬ್ಬ ಶಾಲಾ ಲೈಬ್ರರಿಯನ್ ನೆನಪಿನಲ್ಲಿ ಅವರ ತಂದೆ ತಾಯಿ, ಅಕ್ಕ ಸೇರಿ ಶುರುಮಾಡಿದ್ದು. ಫಾರಂನ ಮೊದಲ ಪುಟದಲ್ಲಿ ಅವರ ಫೋಟೋ ಇದೆ. ಏಣಿ ಮೇಲೆ ನಿಂತು ಮೇಲಿನ ಕಪಾಟಿನಿಂದ ಏನೋ ಎಳೆಯುತ್ತಿದ್ದಾರೆ, ಮುಖ ಅರ್ಧ ಮಾತ್ರ ಕಾಣುತ್ತೆ. ಹಾರ ಹಾಕಿದ ಫೋಟೋ ಅಲ್ಲ, ತಲೆಗೆ ಬಟ್ಟೆ ಸುತ್ತಿಕೊಂಡ ಫೋಟೋನೂ ಅಲ್ಲ. ಅದನ್ನು ನೋಡಿಯೇ ನನಗೆ ಈ ಫಾರಂ ತುಂಬಿಸಬೇಕು ಅನ್ನಿಸಿತು. ಸತ್ತವರ ಸ್ವಭಾವ ಇಂಥ ನಿಧಿಗಳಿಗೂ ಅಂಟಿಕೊಳ್ಳುತ್ತದೆ ಅನ್ನುವುದು ನನ್ನ ನಂಬಿಕೆ. ಕೆನಡಾದ ಟೆರ್ರಿ ಫಾಕ್ಸ್ ಗೊತ್ತಲ್ಲ? ಮೂಳೆ ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡ ಹುಡುಗ 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೂಡಿಸಲು ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ. ಕಾಯಿಲೆ ಶ್ವಾಸಕೋಶಕ್ಕೆ ಹರಡಿತು ಅಂತ ನಿಲ್ಲಿಸಬೇಕಾಯಿತು, ಮರುವರ್ಷ 22ನೇ ವಯಸ್ಸಿಗೆ ತೀರಿಕೊಂಡ. ಅವನ ಹೆಸರಿನ ಸ್ಕಾಲರ್‌ಶಿಪ್ 1982ರಲ್ಲಿ ಶುರುವಾಯಿತು. ಅಲ್ಲಿ ಮುಖ್ಯವಾಗಿ ನೋಡುವುದು ನೀನು ಬೇರೆಯವರಿಗೆ ಏನು ಮಾಡಿದೆ ಅನ್ನುವುದನ್ನು. ನಮ್ಮ ಲೈಬ್ರರಿಯನ್ ಸ್ಕಾಲರ್‌ಶಿಪ್‌ನಲ್ಲಿ ನೋಡುವುದು ನೀನು ಹೇಗೆ ಬರೆಯುತ್ತೀಯ ಅನ್ನುವುದನ್ನು. ಅದಕ್ಕೆ ಆಮೇಲೆ ಬರುತ್ತೇನೆ.

ದುಡ್ಡಿನ ವಿಷಯ ಬೇಗ ಮುಗಿಸೋಣ. ಸಿಗುವುದು ಒಂದು ವರ್ಷದ ಫೀಸಿನ ಸುಮಾರು ಮೂರನೇ ಒಂದು ಭಾಗ. ಓದು ಮುಂದುವರಿಸಿದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಇಷ್ಟೇನಾ ಅಂತ ಕೆಲವರು ಮೂಗು ಮುರಿಯುತ್ತಾರೆ. ಇಂಥ ಟ್ರಸ್ಟ್‌ಗಳು ಇಡುಗಂಟನ್ನು ಮುಟ್ಟುವ ಹಾಗಿಲ್ಲ. ನೂರು ಇಟ್ಟರೆ ವರ್ಷಕ್ಕೆ ನಾಲ್ಕೋ ಐದೋ ಹಂಚಬಹುದು. ಅದಕ್ಕಿಂತ ಜಾಸ್ತಿ ತೆಗೆಯುತ್ತಾ ಹೋದರೆ ಕ್ರಮೇಣ ಗಂಟು ಕರಗಿ ಹೆಸರು ಮಾತ್ರ ಉಳಿಯುತ್ತೆ. ಆ ಲೆಕ್ಕದಲ್ಲಿ ಇವರು ಕೊಡುವುದು ಕಡಿಮೆಯೇನಲ್ಲ. ಮೊತ್ತದ ಬಗ್ಗೆ ನನ್ನ ದೂರಿಲ್ಲ.

ಅಮ್ಮನಿಗೆ ಬಂದದ್ದು ಅಂಡಾಶಯದ ಕ್ಯಾನ್ಸರ್. ಹೊಟ್ಟೆ ಉಬ್ಬರ ಅಂತ ನಾಲ್ಕು ತಿಂಗಳು ಗ್ಯಾಸಿನ ಮಾತ್ರೆ ನುಂಗಿದರು. ಈ ಕಾಯಿಲೆಯ ಕುತಂತ್ರವೇ ಅದು, ಬೇರೆ ಏನೋ ಅನ್ನಿಸುವ ಹಾಗೆ ಬರುತ್ತದೆ. ಕೊನೆಗೆ ರಕ್ತದಲ್ಲಿ ಸಿಎ-125 ನೋಡಿದರು, ಈ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಏರುವ ಒಂದು ಪ್ರೋಟೀನ್ ಅದು. ಸಾಮಾನ್ಯವಾಗಿ ಅದು 35ರ ಒಳಗಿರಬೇಕು. ಅಮ್ಮನದು ಸಾವಿರ ದಾಟಿತ್ತು. ಮೂರನೇ ಸ್ಟೇಜ್. ಮೂರು ಕೀಮೋ, ಆಪರೇಷನ್, ಮತ್ತೆ ಮೂರು ಕೀಮೋ, ಇಪ್ಪತ್ತೊಂದು ದಿನಕ್ಕೊಂದು. ಮನೆಯ ಕ್ಯಾಲೆಂಡರಿನಲ್ಲಿ ತಿಂಗಳು ಅನ್ನುವುದೇ ಇಲ್ಲವಾಗಿ ಬರೀ ಇಪ್ಪತ್ತೊಂದು ದಿನಗಳ ಲೆಕ್ಕ ಉಳಿಯಿತು. ಹದಿನಾಲ್ಕು ತಿಂಗಳು ಚೆನ್ನಾಗಿದ್ದರು. ಆಮೇಲೆ ಆ ಸಂಖ್ಯೆ ಮತ್ತೆ ಏರತೊಡಗಿತು. ತಮ್ಮ ಆಗ ಬಾಟನಿ ಡಿಗ್ರಿ ಎರಡನೇ ವರ್ಷದಲ್ಲಿದ್ದ. ನಾವು ಈ ಅರ್ಜಿ ಹಾಕಿದ್ದು ಆಗ.

ಫಾರಂಗೆ ಎರಡು ಅಂಕ ಯಾಕೆ ಕೊಟ್ಟೆ ಅಂತ ಈಗ ಹೇಳುತ್ತೇನೆ.

ಅವರು ಕೇಳುವ ದಾಖಲೆಗಳು: ಬಯಾಪ್ಸಿ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ, ‘ಇದ್ದರೆ ಜೆನೆಟಿಕ್ ಟೆಸ್ಟ್ ರಿಪೋರ್ಟು’. ಈ ಮೂರನೆಯದನ್ನು ನೋಡಿ ನಾನು ಕಂಪ್ಯೂಟರ್ ಮುಂದೆ ಸುಮ್ನೆ ಕೂತುಬಿಟ್ಟೆ. ಅಂಡಾಶಯದ ಕ್ಯಾನ್ಸರ್ ಇದ್ದವರಿಗೆ ಬಿಆರ್‌ಸಿಎ ಜೀನ್‌ಗಳನ್ನು ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಈ ಜೀನ್‌ಗಳಲ್ಲಿ ದೋಷ ಇದ್ದರೆ ಸ್ತನದ, ಅಂಡಾಶಯದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ತಾಯಿಯಲ್ಲಿ ಆ ದೋಷ ಇದ್ದರೆ ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಆ ರಿಪೋರ್ಟು ಅಮ್ಮನದು ಮಾತ್ರ ಅಲ್ಲ, ನನ್ನದೂ ಹೌದು, ತಮ್ಮನದೂ ಹೌದು. ಅದನ್ನು ಗುರುತಿಲ್ಲದ ಯಾವುದೋ ಪೋರ್ಟಲ್‌ಗೆ ಪಿಡಿಎಫ್ ಮಾಡಿ ಹಾಕುವುದಾ? ನಾನು ಹಾಕಲಿಲ್ಲ. ಚಿಕಿತ್ಸೆ ನಡೀತಿದೆ ಅಂತ ಡಾಕ್ಟರ ಕೈಯಲ್ಲಿ ಎರಡು ಸಾಲಿನ ಪತ್ರ ಬರೆಸಿ ಹಾಕಿದೆ. ಅದನ್ನೇ ಒಪ್ಪಿಕೊಂಡರು. ಒಪ್ಪಿಕೊಳ್ಳುವುದಾದರೆ ಮೊದಲೇ ಯಾಕೆ ಅಷ್ಟೆಲ್ಲ ಕೇಳಬೇಕಿತ್ತು? ನೀವು ಅರ್ಜಿ ಹಾಕುವವರಾದರೆ ಮೊದಲು ಎರಡು ಸಾಲಿನ ಪತ್ರ ಕಳಿಸಿ ನೋಡಿ. ಪೂರ್ತಿ ಫೈಲು ಕೊಡಲು ಆತುರ ಬೇಡ.

ಎರಡನೆಯದು ಆದಾಯ. ಹಿಂದಿನ ವರ್ಷದ ಆದಾಯದ ದಾಖಲೆ ಕೊಡಿ ಅನ್ನುತ್ತಾರೆ. ಕಾಯಿಲೆ ಹೊಕ್ಕ ಮನೆಯಲ್ಲಿ ಹಿಂದಿನ ವರ್ಷ ಅಂದರೆ ಹಿಂದಿನ ಜನ್ಮ. ಆಗ ಅಮ್ಮ ದುಡಿಯುತ್ತಿದ್ದರು, ಅಪ್ಪ ಸಂಬಳ ಕಡಿತದ ರಜೆ ಹಾಕಿರಲಿಲ್ಲ. ಕಾಗದದ ಮೇಲೆ ನಾವು ಅನುಕೂಲಸ್ಥರು. ಈ ವರ್ಷದ ಆಸ್ಪತ್ರೆ ಖರ್ಚು ಬರೆಯಲು ಒಂದು ಕಾಲಂ ಇಲ್ಲ. ಕ್ಯಾನ್ಸರ್ ವೈದ್ಯರೇ ಈಗ ‘ಫೈನಾನ್ಶಿಯಲ್ ಟಾಕ್ಸಿಸಿಟಿ’ ಅಂತ ಒಂದು ಮಾತು ಬಳಸುತ್ತಾರೆ. ಮದ್ದಿನ ವಿಷದ ಹಾಗೇ ಖರ್ಚಿನ ವಿಷ. ಡಾಕ್ಟರುಗಳಿಗೆ ಅರ್ಥವಾದದ್ದು ಈ ಫಾರಂ ಮಾಡಿದವರಿಗೆ ಅರ್ಥವಾಗಬಾರದಾ? ನಾನು ಕೊನೆಗೆ ‘ಇತರೆ’ ಅನ್ನುವ ಚಿಕ್ಕ ಡಬ್ಬಿಯಲ್ಲಿ ಎರಡು ವರ್ಷದ ಜಮಾ-ಖರ್ಚು ತುರುಕಿದೆ. ಇನ್ನೂರು ಅಕ್ಷರದ ಮಿತಿ. ಲೆಕ್ಕದವಳಾಗಿದ್ದಕ್ಕೆ ಬಚಾವ್.

ಮೂರನೆಯದು ಒಂದು ಪ್ರಶ್ನೆ. ‘ರೋಗಿಯ ಈಗಿನ ಸ್ಥಿತಿ’. ಮೂರು ಆಯ್ಕೆ: ಗುಣವಾಗಿದ್ದಾರೆ, ಚಿಕಿತ್ಸೆಯಲ್ಲಿದ್ದಾರೆ, ತೀರಿಕೊಂಡಿದ್ದಾರೆ. ತಮ್ಮ ಎರಡನೆಯದನ್ನು ಒತ್ತಿದ. ‘ಸಲ್ಲಿಸಿ’ ಒತ್ತಿದ ಮೇಲೆ ಏನನ್ನೂ ತಿದ್ದಲಾಗುವುದಿಲ್ಲ ಅಂತ ಕೆಂಪಕ್ಷರದಲ್ಲಿ ಬಂತು. ಸರಿ ಅಂದುಕೊಂಡು ಮುಂದೆ ಹೋದೆವು.

ಇಷ್ಟಾದರೂ ಸೊನ್ನೆ ಕೊಡದೆ ಎರಡು ಕೊಟ್ಟಿದ್ದು ಆ ಫಾರಂನ ಪ್ರಬಂಧಕ್ಕೆ. ಬೇರೆ ಐದು ಫಾರಂಗಳಲ್ಲಿ ಇದ್ದ ಪ್ರಶ್ನೆ ಒಂದೇ: ಕ್ಯಾನ್ಸರ್ ನಿಮಗೆ ಏನು ಕಲಿಸಿತು? ತಮ್ಮ ಅದನ್ನು ಓದಿ, ‘ಏನೂ ಕಲಿಸಲಿಲ್ಲ ಕಣೇ ಅಕ್ಕಾ, ಅಟೆಂಡೆನ್ಸ್ ಕಳೀತು ಅಷ್ಟೆ’ ಅಂದ. ಆಮೇಲೆ ಐದಕ್ಕೂ ಒಂದೇ ಪ್ರಬಂಧ ಹಾಕಿದ. ಧೈರ್ಯ, ಭರವಸೆ, ಕತ್ತಲು, ಬೆಳಕು. ಅವನೇ ಬರೆದದ್ದು ಅಂತ ನನಗೇ ನಂಬಿಕೆ ಬರಲಿಲ್ಲ. ಐದೂ ಕಡೆ ಸಿಗಲಿಲ್ಲ, ಸರಿಯಾಗೇ ಆಯಿತು.

ಈ ಲೈಬ್ರರಿಯನ್ ಫಾರಂನಲ್ಲಿ ಹೀಗಿತ್ತು: ‘ಮೊದಲು ಅವರು ಮಾಡುತ್ತಿದ್ದ, ಈಗ ನೀವು ಮಾಡುತ್ತಿರುವ ಒಂದು ಮನೆಗೆಲಸದ ಬಗ್ಗೆ ಬರೆಯಿರಿ. ಐನೂರು ಪದ ಮೀರಬೇಡಿ.’

ಅವನು ಎರಡು ದಿನ ಏನೂ ಬರೆಯಲಿಲ್ಲ. ಮೂರನೇ ದಿನ ಒಂದೇ ಕೂತಲ್ಲಿ ಬರೆದು ಮುಗಿಸಿದ. ನನಗೆ ತೋರಿಸಲಿಲ್ಲ. ಅಪ್‌ಲೋಡ್ ಮಾಡುವಾಗ ಕದ್ದು ಓದಿದೆ.

ಅಮ್ಮನಿಗೆ ಕೊಟ್ಟ ಎರಡು ಕೀಮೋ ಮದ್ದುಗಳಲ್ಲಿ ಒಂದು ಪ್ಯಾಕ್ಲಿಟ್ಯಾಕ್ಸೆಲ್. ಅದು ಬೆರಳ ತುದಿಯ ನರಗಳನ್ನು ಕೆಡಿಸುತ್ತದೆ. ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಮರಗಟ್ಟುತ್ತದೆ. ಕೆಲವರಿಗೆ ಕೀಮೋ ಮುಗಿದು ಎಷ್ಟೋ ತಿಂಗಳಾದರೂ ಹೋಗುವುದಿಲ್ಲ. ಅಮ್ಮನಿಗೂ ಹೋಗಲಿಲ್ಲ. ಮನೆಯ ಹೊಲಿಗೆಯೆಲ್ಲ ಅಮ್ಮನದೇ. ಕಿತ್ತುಹೋದ ಗುಂಡಿ, ಬಿಚ್ಚಿದ ಅಂಚು, ಬ್ಯಾಗಿನ ಜಿಪ್ಪು. ಹೊಲಿಯಲು ಹೇಗೋ ಬರುತ್ತಿತ್ತು, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದಾರದ ತುದಿ ಬೆರಳಿಗೆ ತಾಕುತ್ತಿದೆಯೋ ಇಲ್ಲವೋ ಅಂತಲೇ ತಿಳಿಯುತ್ತಿರಲಿಲ್ಲ. ಅದಕ್ಕೆ ತಮ್ಮ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಒಂದು ಸ್ಪಂಜಿಗೆ ಚುಚ್ಚಿಟ್ಟು ಹೋಗುತ್ತಿದ್ದ. ನಾಲ್ಕು ಬಿಳಿ, ಮೂರು ಕಪ್ಪು, ಮೂರು ನೀಲಿ. ಇದು ನನಗೆ ಗೊತ್ತೇ ಇರಲಿಲ್ಲ! ನಾನು ಅಷ್ಟೊತ್ತಿಗೆ ಆಫೀಸಿಗೆ ಹೊರಟಿರುತ್ತಿದ್ದೆ. ಒಂದೇ ಮನೆಯಲ್ಲಿದ್ದು ಆ ಸ್ಪಂಜು ಎಷ್ಟು ಸಲ ನೋಡಿದ್ದೇನೋ, ಒಮ್ಮೆಯೂ ಕೇಳಿರಲಿಲ್ಲ.

ಪ್ರಬಂಧದ ಎರಡನೇ ಭಾಗ ಪೂರ್ತಿ ಬಾಟನಿ. ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಪೆಸಿಫಿಕ್ ಯೂ ಅನ್ನುವ ಮರದ ತೊಗಟೆಯಲ್ಲಂತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1962ರಲ್ಲಿ ತೊಗಟೆ ಕಿತ್ತು ತಂದರು, 1971ರಲ್ಲಿ ಅದರ ರಚನೆ ಪ್ರಕಟವಾಯಿತು, 1992ರಲ್ಲಿ ಮದ್ದಾಗಿ ಒಪ್ಪಿಗೆ ಸಿಕ್ಕಿತು. ಮೊದಲ ಒಪ್ಪಿಗೆ ಅಂಡಾಶಯದ ಕ್ಯಾನ್ಸರಿಗೇ. ಆ ಮರ ಬಹಳ ನಿಧಾನ ಬೆಳೆಯುತ್ತೆ, ತೊಗಟೆ ಸುಲಿದರೆ ಸಾಯುತ್ತೆ, ಅದಕ್ಕೇ ಆಮೇಲೆ ಬೇರೆ ದಾರಿಯಲ್ಲಿ ಮಾಡುವುದನ್ನು ಕಲಿತರು. ಇದನ್ನೆಲ್ಲ ಅವನು ಕೀಮೋ ವಾರ್ಡಿನಲ್ಲಿ ಅಮ್ಮನ ಪಕ್ಕ ಕೂತು ಓದಿದ್ದ. ಅಮ್ಮನಿಗೂ ಹೇಳಿದ್ದನಂತೆ. ‘ಮರ ನನಗೆ ಆಯಸ್ಸು ಕೊಟ್ಟು ಬೆರಳು ಇಸ್ಕೊಂಡಿದೆ, ಪರವಾಗಿಲ್ಲ ಬಿಡು’ ಅಂದಿದ್ದರಂತೆ. ಪ್ರಬಂಧ ಅಲ್ಲಿಗೇ ಮುಗಿದಿತ್ತು. 412 ಪದ.

ಒಳ್ಳೆಯ ಪ್ರಶ್ನೆ ಕೇಳಿದರೆ ಹುಡುಗರು ನಿಜ ಬರೆಯುತ್ತಾರೆ. ‘ನಿನ್ನ ಕಷ್ಟ ತೋರಿಸು’ ಅಂದರೆ ನಾಟಕ ಬರೆಯುತ್ತಾರೆ, ತಪ್ಪು ಅವರದಲ್ಲ. ಈ ಒಂದು ಪ್ರಶ್ನೆಗೋಸ್ಕರ ಉಳಿದ ಪೋರ್ಟಲ್ಲನ್ನು ಸಹಿಸಿಕೊಳ್ಳಬಹುದು.

ಮುಂದಿನದು ಹೇಳುವುದು ಕಷ್ಟ. ಅರ್ಜಿ ಹಾಕಿ ಏಳು ವಾರಕ್ಕೆ ಅಮ್ಮ ತೀರಿಕೊಂಡರು. ಐದನೇ ದಿನ ತಮ್ಮನ ಮೊಬೈಲಿಗೆ ಟ್ರಸ್ಟಿನಿಂದ ಮೇಲ್ ಬಂತು. ಸಂದರ್ಶನಕ್ಕೆ ಆಯ್ಕೆಯಾಗಿದ್ದೀರಿ, ಅಭಿನಂದನೆಗಳು. ಕೊನೆಯ ಸಾಲು: ‘ಚಿಕಿತ್ಸೆಯಲ್ಲಿರುವ ನಿಮ್ಮ ತಾಯಿ ಬೇಗ ಗುಣಮುಖರಾಗಲಿ.’ ಯಾರೂ ಕೂತು ಬರೆದದ್ದಲ್ಲ. ಅವನು ಒತ್ತಿದ್ದ ಆ ಎರಡನೇ ಆಯ್ಕೆಗೆ ಕಂಪ್ಯೂಟರ್ ತಾನಾಗಿ ಜೋಡಿಸಿದ ಸಾಲು. ಅವನು ಫೋನನ್ನು ನನ್ನ ಕೈಗೆ ಕೊಟ್ಟು ಆಚೆ ಹೋದ.

ಪೋರ್ಟಲ್ ತೆರೆದೆ. ಸ್ಥಿತಿ ಬದಲಿಸಲು ಬಿಡಲಿಲ್ಲ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗ ‘ಡೆತ್ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಮೇಲ್ ಮಾಡಿ ಮೇಡಂ, ನಾವು ಚೇಂಜ್ ಮಾಡ್ತೀವಿ’ ಅಂದ. ಅವನ ದನಿಯಲ್ಲಿ ಒರಟುತನ ಇರಲಿಲ್ಲ, ಹೇಳಿಕೊಟ್ಟದ್ದನ್ನು ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಐದು ದಿನಕ್ಕೆ ಯಾರಿಗೆ ಸರ್ಟಿಫಿಕೇಟ್ ಕೈಗೆ ಬಂದಿರುತ್ತೆ? ಸ್ಕಾಲರ್‌ಶಿಪ್ಪೂ ಬೇಡ ಏನೂ ಬೇಡ ಅಂತ ಫೋನ್ ಇಟ್ಟೆ. ಕ್ಯಾನ್ಸರ್ ಮನೆಗಳಿಗೆ ಅಂತಲೇ ಮಾಡಿದ ಫಾರಂ, ಆದರೆ ಅರ್ಜಿಗೂ ಸಂದರ್ಶನಕ್ಕೂ ಮಧ್ಯೆ ಯಾರಾದರೂ ಸಾಯಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಸಂಜೆ ಬೇರೆ ನಂಬರಿನಿಂದ ಫೋನ್ ಬಂತು. ಆ ಲೈಬ್ರರಿಯನ್ ಅವರ ಅಕ್ಕ. ವಯಸ್ಸಾದ ದನಿ. ಕ್ಷಮೆ ಕೇಳಿದರು, ಆದರೆ ಉದ್ದುದ್ದ ಕೇಳಲಿಲ್ಲ. ಯಾವ ಕಾಗದವೂ ಬೇಡ, ಸಂದರ್ಶನವನ್ನು ತಮ್ಮ ಹೇಳಿದ ದಿನಕ್ಕೆ ಇಟ್ಟುಕೊಳ್ಳೋಣ, ಅವನಿಗೆ ಮಾತಾಡಲು ಇಷ್ಟ ಇಲ್ಲದಿದ್ದರೆ ಅದೂ ಬೇಡ ಅಂದರು. ಆಮೇಲೆ, ‘ನನ್ನ ತಂಗಿ ಹೋದಾಗ ಅವಳ ಹೆಸರಿಗೆ ಒಂದು ವರ್ಷ ಕಾಗದ ಬರ್ತಾನೇ ಇತ್ತಮ್ಮ. ಗೊತ್ತಿದ್ದೂ ಹೀಗೆ ಮಾಡಿದೀವಿ ನೋಡು’ ಅಂದರು. ಐದಕ್ಕೆ ಐದು ಕೊಟ್ಟಿದ್ದು ಈ ಫೋನಿಗೆ.

ಸಂದರ್ಶನ ಆರು ವಾರದ ಮೇಲೆ ಆಯಿತು. ಮೂವರು ಇದ್ದರು. ಅಮ್ಮನ ಬಗ್ಗೆ ಒಂದು ಮಾತೂ ಕೇಳಲಿಲ್ಲವಂತೆ. ಯೂ ಮರದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರಂತೆ. ತಮ್ಮ ಹೊರಬಂದಾಗ ಮುಖ ಗೆಲುವಾಗಿತ್ತು, ಎಷ್ಟೋ ದಿನದ ಮೇಲೆ.

ಇಲ್ಲಿ ಇನ್ನೊಂದು ಮಾತು. ಒಂದು ಅಂದಾಜು ಓದಿದ್ದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರದು: 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 44 ಲಕ್ಷ ಹೆಂಗಸರು ಕ್ಯಾನ್ಸರಿನಿಂದ ತೀರಿಕೊಂಡರು, ಸುಮಾರು 10 ಲಕ್ಷ ಮಕ್ಕಳು ತಾಯಿ ಇಲ್ಲದವರಾದರು. ಅದು ಸಣ್ಣ ವಯಸ್ಸಿನ ಮಕ್ಕಳ ಲೆಕ್ಕ. ನನ್ನ ತಮ್ಮನಿಗೆ ಇಪ್ಪತ್ತು, ಅವನು ಅದರಲ್ಲೂ ಇಲ್ಲ. ಕಾಲೇಜು ಹುಡುಗರ ಗೋಳೇ ಇದು. ಮಕ್ಕಳ ಯೋಜನೆಗಳಿಗೆ ದೊಡ್ಡವರು, ದುಡಿಯಲು ಚಿಕ್ಕವರು. ಅವರಿಗೆ ಅಂತಲೇ ಯಾರೋ ಒಂದು ಗಂಟು ಎತ್ತಿಟ್ಟಿದ್ದಾರೆ ಅನ್ನುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ದುಡ್ಡು ಬಂದಿದ್ದು ಮಾತ್ರ ತಡ. ಫೀಸಿನ ಕೊನೆಯ ದಿನ ಮುಗಿದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಅಪ್ಪ ಸಾಲ ಮಾಡಿ ಕಟ್ಟಿ ಆಗಿತ್ತು. ಬಡ್ಡಿ ನಾವು ತೆತ್ತೆವು. ಇನ್ನೊಂದು ತಮಾಷೆ ಕೇಳಿ. ಟ್ರಸ್ಟು ದುಡ್ಡನ್ನು ನೇರ ಕಾಲೇಜಿಗೇ ಕಳಿಸುತ್ತೆ. ಕಾಲೇಜಿನ ಆಫೀಸಿನವರು ಹೊರಗಿನಿಂದ ಸ್ಕಾಲರ್‌ಶಿಪ್ ಬಂತಲ್ಲ ಅಂತ ತಾವು ಕೊಡುತ್ತಿದ್ದ ಫೀಸು ರಿಯಾಯಿತಿಯಲ್ಲಿ ಅರ್ಧ ವಾಪಸ್ ತಗೊಂಡರು. ಅಂದರೆ ಆ ಲೈಬ್ರರಿಯನ್ ನೆನಪಿನ ದುಡ್ಡಿನಲ್ಲಿ ಒಂದು ಪಾಲು ನಮ್ಮ ಹುಡುಗನಿಗಲ್ಲ, ಕಾಲೇಜಿಗೇ ಲಾಭವಾಯಿತು. ಇದು ಬೇರೆ ಎಷ್ಟೋ ಕಡೆಯೂ ನಡೆಯುತ್ತದೆ. ಸಹಿ ಹಾಕುವ ಮೊದಲೇ ಕಾಲೇಜಿನಲ್ಲಿ ಕೇಳಿಕೊಳ್ಳಿ. ಕಡಿತ ಮಾಡುತ್ತೇವೆ ಅಂದರೆ, ದುಡ್ಡನ್ನು ಪುಸ್ತಕ, ಹಾಸ್ಟೆಲ್ ಖರ್ಚಿಗೆ ಅಂತ ವಿದ್ಯಾರ್ಥಿಯ ಖಾತೆಗೇ ಹಾಕಿ ಅಂತ ಟ್ರಸ್ಟಿಗೆ ಬರೆಯಿರಿ. ನಾವು ಎರಡನೇ ವರ್ಷ ಹಾಗೆ ಬರೆದೆವು, ಮಾಡಿಕೊಟ್ಟರು.

ಇಂಥ ಸ್ಕಾಲರ್‌ಶಿಪ್‌ಗೆ ಯಾರು ಅರ್ಜಿ ಹಾಕಬಹುದು? ಬರೆಯಲು ಬರುವ ಹುಡುಗ ಹುಡುಗಿಯರು, ಅಂಕ ಸಾಧಾರಣ ಇದ್ದರೂ. ಚಿಕಿತ್ಸೆ ಇನ್ನೂ ನಡೀತಿರುವ ಮನೆಯವರು ಖಂಡಿತ ಹಾಕಿ, ಸತ್ತ ಮೇಲೇ ಹಾಕಬೇಕು ಅಂತೇನಿಲ್ಲ. ಈ ತಿಂಗಳ ಫೀಸಿಗೆ ಇದನ್ನೇ ನಂಬಿಕೊಂಡಿರುವವರು ಮಾತ್ರ ಬೇರೆ ದಾರಿಯನ್ನೂ ನೋಡಿಟ್ಟುಕೊಳ್ಳಿ.

ನಾನು ಆ ಅಕ್ಕನಿಗೆ ಎರಡು ಪುಟದ ಪತ್ರ ಬರೆದಿದ್ದೆ. ಜೆನೆಟಿಕ್ ರಿಪೋರ್ಟಿನದು, ಆದಾಯದ್ದು, ತಡವಾಗಿದ್ದು, ಆ ಮೂರು ಆಯ್ಕೆಗಳದ್ದು, ಎಲ್ಲ. ಮುಂದಿನ ವರ್ಷ ತಮ್ಮ ಮತ್ತೆ ಫಾರಂ ತೆರೆದಾಗ ಜೆನೆಟಿಕ್ ರಿಪೋರ್ಟು ಹೋಗಿತ್ತು. ಆದಾಯ ಹಾಗೇ ಇತ್ತು, ಹಿಂದಿನ ವರ್ಷದ್ದೇ. ಕೇಳಿದ್ದಕ್ಕೆ ಅದು ಆಡಿಟರ್ ಹಾಕಿದ ನಿಯಮ ಅಂದರು. ಆಡಿಟರುಗಳ ಜೊತೆ ನಾನೂ ದಿನಾ ಏಗುವವಳು, ಸುಮ್ಮನಾದೆ. ‘ರೋಗಿಯ ಸ್ಥಿತಿ’ ಅನ್ನುವ ಪ್ರಶ್ನೆ ಇರಲೇ ಇಲ್ಲ. ಅದರ ಜಾಗದಲ್ಲಿ ಒಂದು ಖಾಲಿ ಸಾಲು: ‘ನೀವು ಕಳೆದ ಸಲ ಬರೆದ ಮೇಲೆ ಮನೆಯಲ್ಲಿ ಏನಾದರೂ ಬದಲಾಗಿದ್ದರೆ, ಹೇಳಬೇಕು ಅನ್ನಿಸಿದರೆ, ಇಲ್ಲಿ ಹೇಳಿ. ದಾಖಲೆ ಬೇಡ. ಯಾವಾಗ ಬೇಕಾದರೂ ತಿದ್ದಬಹುದು.’

ತಮ್ಮ ಅದರ ಮುಂದೆ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಬರೆದ: ‘ಈಗ ನಾನೇ ಹೊಲಿಯುತ್ತೇನೆ. ಗುಂಡಿ ಬರುತ್ತೆ, ಜಿಪ್ಪು ಇನ್ನೂ ಬರಲ್ಲ.’